ಎವಂಟನ್: ಗುಡ್ಡದ ಮೇಲೆ ನಾಗಪಟ್ಟಣದ ಬಾಗಿಲು ಇರುವ ಸ್ಕಾಟಿಷ್ ಹಳ್ಳಿ

ಉತ್ತರದಗಾಳಿ:

ಎಲ್ಲರಿಗೂ ನಮಸ್ಕಾರ. ಸ್ಕಾಟ್ಲೆಂಡ್ ಅಂದರೆ ಇಲ್ಲಿ ಎಡಿನ್‌ಬರ ಕೋಟೆ, ಲಾಕ್ ನೆಸ್, ಸ್ಕೈ ದ್ವೀಪ, ಅಷ್ಟಕ್ಕೇ ಮಾತು ಮುಗಿಯುತ್ತದೆ. ನಾನು ಇನ್ವರ್ನೆಸ್ ಕಡೆಯವನು. ಹುಟ್ಟಿದ್ದು ಹಾಸನ, ಅನ್ನ ಸಿಕ್ಕಿದ್ದು ಇಲ್ಲಿ. ಈ ಕಡೆಯ ಒಂದು ಸಣ್ಣ ಹಳ್ಳಿಯ ಬಗ್ಗೆ ಬರೆಯೋಣ ಅಂತ ಈ ಚರ್ಚೆ ಶುರು ಮಾಡಿದ್ದೇನೆ. ಹಳ್ಳಿಯ ಹೆಸರು ಎವಂಟನ್.

ಇನ್ವರ್ನೆಸ್‌ನಿಂದ ಎ9 ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಕಾರಿನಲ್ಲಿ ಅರ್ಧ ಗಂಟೆಯೂ ಬೇಡ. ಕ್ರೋಮರ್ಟಿ ಫರ್ತ್ ಎಂಬ ಉದ್ದನೆಯ ಕಡಲತೋಳಿನ ಮೇಲಿನ ಸೇತುವೆ ದಾಟಿದ ಮೇಲೆ ಬಲಕ್ಕೆ ನೀರು, ಎಡಕ್ಕೆ ಗುಡ್ಡ. ಎರಡು ಹೊಳೆಗಳ ನಡುವೆ ಊರು. ಊರೇನೂ ಪುರಾತನ ಅಲ್ಲ. 1800 ಕಳೆದ ಮೇಲೆ ಅಲೆಕ್ಸಾಂಡರ್ ಫ್ರೇಸರ್ ಅನ್ನುವ ಜಮೀನ್ದಾರ ಗೆರೆ ಎಳೆದು, ಬೀದಿ ಹಾಕಿಸಿ, ನಿವೇಶನ ಹಂಚಿ ಕಟ್ಟಿಸಿದ್ದು. ಮಗನ ಹೆಸರು ಎವನ್. ಊರಿಗೂ ಅದೇ ಹೆಸರು ಬಿತ್ತು. ಇವತ್ತಿಗೂ ನೆಟ್ಟಗಿನ ಬೀದಿ, ಎರಡೂ ಕಡೆ ಕಲ್ಲಿನ ಮನೆ. ರೈಲು ಊರ ಪಕ್ಕದಲ್ಲೇ ಹೋಗುತ್ತದೆ, ಆದರೆ ನಿಲ್ಲುವುದಿಲ್ಲ. ಸ್ಟೇಷನ್ 1960ರಲ್ಲೇ ಮುಚ್ಚಿದೆ.

ಊರಿಗಿಂತ ಊರಿನ ಸುತ್ತಮುತ್ತ ನೋಡುವುದೇ ಜಾಸ್ತಿ. ಮೊದಲನೆಯದು ಫೈರಿಶ್ ಗುಡ್ಡ. ಎತ್ತರ 453 ಮೀಟರ್, ಈ ದೇಶದ ಲೆಕ್ಕಕ್ಕೂ ದೊಡ್ಡದೇನಲ್ಲ. ಆದರೆ ನೆತ್ತಿಯ ಮೇಲೆ ಒಂದು ವಿಚಿತ್ರ ಕಟ್ಟಡ ಇದೆ. ನಡುವೆ ಕಮಾನುಗಳು, ಎರಡೂ ಬದಿಗೆ ಬಿಡಿ ಬಿಡಿಯಾಗಿ ನಿಂತ ದಪ್ಪ ಕಲ್ಲಿನ ಕಂಬಗಳು. ಚಾವಣಿ ಇಲ್ಲ, ಹಿಂದೆ ಮುಂದೆ ಕೋಟೆಯೂ ಇಲ್ಲ. ಬರೀ ಬಾಗಿಲು. ಎ9ರಲ್ಲಿ ಹೋಗುವವರಿಗೆಲ್ಲ ದೂರದಿಂದಲೇ ಕಾಣುತ್ತದೆ. ಕಟ್ಟಿಸಿದವನು ಇಲ್ಲಿಯ ನೋವಾರ್ ಎಸ್ಟೇಟಿನ ಒಡೆಯ ಸರ್ ಹೆಕ್ಟರ್ ಮನ್ರೋ, 1782-83ರ ಹೊತ್ತಿಗೆ. ಇದು ನಮ್ಮ ಪಕ್ಕದ ತಮಿಳುನಾಡಿನ ನಾಗಪಟ್ಟಣದ ಕೋಟೆಬಾಗಿಲಿನ ಮಾದರಿ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ.

ಇದರ ಜೊತೆ ಒಂದು ಕಥೆಯೂ ಇದೆ. ಆಗ ಇಲ್ಲಿ ಜನಕ್ಕೆ ಕೆಲಸ ಇರಲಿಲ್ಲ, ಹೊಟ್ಟೆಗೂ ಕಷ್ಟ. ಸುಮ್ನೆ ದುಡ್ಡು ಕೊಟ್ಟರೆ ಅವರ ಮಾನಕ್ಕೆ ಕುಂದು ಅಂತ ಮನ್ರೋ ಈ ಕಟ್ಟಡದ ಕೆಲಸ ಹುಟ್ಟಿಸಿದನಂತೆ. ಕೆಲಸ ಬೇಗ ಮುಗಿಯಬಾರದು ಅಂತ ರಾತ್ರಿ ತಾನೇ ಗುಡ್ಡದ ಮೇಲಿಂದ ಕಲ್ಲುಗಳನ್ನು ಕೆಳಕ್ಕೆ ಉರುಳಿಸಿ, ಮಾರನೇ ದಿನ ಮತ್ತೆ ಹೊರಿಸಿ ಕೂಲಿ ಕೊಡುತ್ತಿದ್ದನಂತೆ.

ಇನ್ನೂ ಬರೆಯುವುದಿದೆ. ಕಿಲ್ಟರ್ನ್ ಚರ್ಚು, ಕಪ್ಪು ಬಂಡೆಯ ಕಂದರ, ಫೌಲ್ಸ್ ಕೋಟೆ. ಯಾರಿಗಾದರೂ ಆಸಕ್ತಿ ಇದೆಯಾ?

ಗಂಜಾಂ_ಹುಡುಗ:

ಸಾರ್, ಒಂದು ನಿಮಿಷ. ಹೆಕ್ಟರ್ ಮನ್ರೋ ಅಂದರೆ ಪೊಳ್ಳಿಲೂರು ಯುದ್ಧದ ಮನ್ರೋನಾ? ನಾನು ಶ್ರೀರಂಗಪಟ್ಟಣದವನು. ಟಿಪ್ಪುವಿನ ಅರಮನೆ ದರಿಯಾ ದೌಲತ್ ಗೋಡೆ ಮೇಲೆ ಆ ಯುದ್ಧದ ಚಿತ್ರ ನೋಡುತ್ತಲೇ ಬೆಳೆದವನು. ಸೋತ ಬ್ರಿಟಿಷ್ ದಂಡಿನ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿರುತ್ತಾನೆ, ಪಕ್ಕದಲ್ಲಿ ಮದ್ದಿನ ಗಾಡಿ ಸಿಡಿಯುತ್ತಿರುತ್ತದೆ. ಆ ಬೈಲಿಯ ನೆರವಿಗೆ ಬರಬೇಕಿದ್ದವನು ಇದೇ ಮನ್ರೋ ಅಲ್ವಾ?

ಬಳ್ಳಾರಿ_ಬಿಸಿಲು:

ನಮ್ಮ ಕಡೆ ಮನ್ರೋ ಸಾಹೇಬ ಅಂದರೆ ಒಳ್ಳೆಯ ಹೆಸರು ಇದೆಯಪ್ಪ. ರೈತವಾರಿ ಕಂದಾಯ ತಂದವನು. ಮಂತ್ರಾಲಯದ ರಾಯರ ಕಥೆಯಲ್ಲೂ ಬರುತ್ತಾನೆ. ಅವನೇನಾ?

ಹಳೇಕಡತ:

@ಬಳ್ಳಾರಿ_ಬಿಸಿಲು, ಅಲ್ಲ. ನೀವು ಹೇಳುವುದು ಥಾಮಸ್ ಮನ್ರೋ, ಗ್ಲಾಸ್ಗೋದವನು. 1799ರಲ್ಲಿ ಕೆನರಾ ಕಲೆಕ್ಟರ್, ಆಮೇಲೆ ಬಳ್ಳಾರಿ, ಅನಂತಪುರ, ಕಡಪ ಸೇರಿದ ದತ್ತ ಮಂಡಲಕ್ಕೆ ಬಂದ. ಕೊನೆಗೆ ಮದ್ರಾಸ್ ಗವರ್ನರ್ ಆಗಿ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ಹೆಕ್ಟರ್ ಬೇರೆ. ತಮಾಷೆ ಅಂದರೆ 1780ರಲ್ಲಿ ಥಾಮಸ್ ಆಗ ತಾನೇ ಮದ್ರಾಸಿಗೆ ಬಂದಿಳಿದ ಹುಡುಗ, ಹೆಕ್ಟರ್‌ನ ಸೈನ್ಯದಲ್ಲೇ ಇದ್ದ.

@ಗಂಜಾಂ_ಹುಡುಗ, ಹೌದು, ಅವನೇ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿ ಹೋಗಿ.

ಹೆಕ್ಟರ್ ಮನ್ರೋ ಹೆಸರು ಮಾಡಿದ್ದು 1764ರ ಬಕ್ಸಾರ್ ಯುದ್ಧದಲ್ಲಿ. ಬಂಗಾಳದ ಮೀರ್ ಕಾಸಿಂ, ಅವಧದ ನವಾಬ, ಮೊಗಲ್ ಬಾದಶಹ ಮೂವರ ಕಡೆಯ ಸೈನ್ಯವನ್ನೂ ಸೋಲಿಸಿದ. ಅದಕ್ಕೆ ಸ್ವಲ್ಪ ಮುಂಚೆ ಕಂಪನಿಯ ಸಿಪಾಯಿಗಳೇ ದಂಗೆ ಎದ್ದಿದ್ದರು. ಅವರಲ್ಲಿ 24 ಮಂದಿಗೆ ತೋಪಿನ ಬಾಯಿಗೆ ಕಟ್ಟಿ ಹಾರಿಸುವ ಶಿಕ್ಷೆ ಕೊಡಿಸಿದ. ಊರಿಗೆ ವಾಪಸ್ ಹೋದ, ಪಾರ್ಲಿಮೆಂಟ್ ಸದಸ್ಯನಾದ. 1772ರಲ್ಲಿ ಸ್ಕಾಟ್ಲೆಂಡಿನ ಏರ್ ಬ್ಯಾಂಕ್ ಮುಳುಗಿದಾಗ ಅವನ ದುಡ್ಡೂ ಮುಳುಗಿತು. ದುಡ್ಡು ಬೇಕಾದಾಗ ಆ ಕಾಲದ ಸ್ಕಾಟಿಷ್ ಗೌಡರಿಗೆ ಗೊತ್ತಿದ್ದ ದಾರಿ ಒಂದೇ, ಇಂಡಿಯಾ. 1778ರಲ್ಲಿ ಮದ್ರಾಸಿನ ದಂಡನಾಯಕನಾಗಿ ಬಂದ. ಬಂದ ವರ್ಷವೇ ಫ್ರೆಂಚರಿಂದ ಪಾಂಡಿಚೇರಿ ಕಿತ್ತುಕೊಂಡ.

1780ರ ಜುಲೈನಲ್ಲಿ ಹೈದರಾಲಿ ಘಾಟಿ ಇಳಿದು ಕರ್ನಾಟಿಕ್ ಸೀಮೆಗೆ, ಅಂದರೆ ಈಗಿನ ತಮಿಳುನಾಡಿನ ಕಡೆಗೆ, ನುಗ್ಗಿದ. ಮನ್ರೋ ಸೈನ್ಯ ಕಟ್ಟಿಕೊಂಡು ಕಂಚಿಗೆ ಬಂದು ಕೂತ. ಕರ್ನಲ್ ವಿಲಿಯಂ ಬೈಲಿ ಗುಂಟೂರಿನಿಂದ ಇನ್ನೊಂದು ದಂಡು ತರುತ್ತಿದ್ದ. ದಾರಿಯಲ್ಲಿ ಕೊರ್ತಲೈಯಾರ್ ಹೊಳೆಗೆ ನೆರೆ ಬಂದು ದಿನಗಟ್ಟಲೆ ತಡವಾಯಿತು. ಅಷ್ಟರಲ್ಲಿ ಟಿಪ್ಪು ಅವನ ಬೆನ್ನು ಹತ್ತಿದ. ಮನ್ರೋ ಕರ್ನಲ್ ಫ್ಲೆಚರ್ ಕೈಯಲ್ಲಿ ಸಾವಿರದಷ್ಟು ಜನರನ್ನು ನೆರವಿಗೆ ಕಳಿಸಿದ. ಖುದ್ದು ಆಗ ಹೊರಡಲಿಲ್ಲ. ಸೆಪ್ಟೆಂಬರ್ 10ರ ಬೆಳಿಗ್ಗೆ ಪೊಳ್ಳಿಲೂರಿನಲ್ಲಿ ಹೈದರ್, ಟಿಪ್ಪು ಇಬ್ಬರೂ ಸೇರಿ ಬೈಲಿಯನ್ನು ಸುತ್ತುವರಿದರು. ಮದ್ದಿನ ಗಾಡಿಗಳು ಸಿಡಿದವು. ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಿಮೆ ಇದ್ದ ದಂಡು ಅಲ್ಲೇ ಮುಗಿದುಹೋಯಿತು. ಉಳಿದವರು ಸೆರೆ ಸಿಕ್ಕಿ ಶ್ರೀರಂಗಪಟ್ಟಣ ಸೇರಿದರು.

ಸುದ್ದಿ ತಿಳಿದ ಮನ್ರೋ ಮಾಡಿದ್ದೇನು? ದೊಡ್ಡ ತೋಪುಗಳನ್ನು ಕಂಚಿಯ ಕೆರೆಗೆ ತಳ್ಳಿ ಚೆಂಗಲ್ಪಟ್ಟು ದಾರಿಯಾಗಿ ಮದ್ರಾಸಿಗೆ ಓಡಿದ. ಇವನು ಹದಿನಾರು ವರ್ಷ ಹಿಂದೆ ಬಕ್ಸಾರ್ ಗೆದ್ದವನು!

ಮುಂದಿನ ವರ್ಷ ನವೆಂಬರ್‌ನಲ್ಲಿ ನಾಗಪಟ್ಟಣ. ಅದು ಡಚ್ಚರ ಕೋಟೆ. ಡಚ್ಚರು ಹೈದರನ ಜೊತೆ ಕೈ ಜೋಡಿಸಿದ್ದರಿಂದ ಕೋಟೆಯ ಕಾವಲಿಗೆ ಮೈಸೂರಿನ ಸೈನಿಕರೂ ಇದ್ದರು. ಮನ್ರೋ ನೆಲದಿಂದ, ಅಡ್ಮಿರಲ್ ಹ್ಯೂಸ್ ಕಡಲಿನಿಂದ ಮುತ್ತಿಗೆ ಹಾಕಿದರು. ಮೂರು ವಾರದಲ್ಲಿ ಕೋಟೆ ಬಿತ್ತು. 1784ರ ಒಪ್ಪಂದದಲ್ಲೂ ಡಚ್ಚರಿಗೆ ಅದು ವಾಪಸ್ ಸಿಗಲಿಲ್ಲ. ಮನ್ರೋ 1782ರಲ್ಲಿ ಮನೆಗೆ ಹೊರಟ. ಹೋದವನೇ ಗುಡ್ಡದ ಮೇಲೆ ಬಾಗಿಲು ಕಟ್ಟಿಸಿದ.

ನನಗೆ ಕಾಣುವುದು ಇಷ್ಟೇ. ಆ ಬಾಗಿಲು ನಾಗಪಟ್ಟಣದ್ದೇ ಯಾಕೆ ಆಗಬೇಕು ಅಂದರೆ, ಕಂಚಿಯದ್ದನ್ನು ಜನ ಮರೆಯಬೇಕಿತ್ತು.

ಗಂಜಾಂ_ಹುಡುಗ:

ಆಹಾ, ಕಡತ ಸಾರ್, ಕೊನೆ ಸಾಲು! ನಮ್ಮಲ್ಲಿ ಟಿಪ್ಪು ಗೋಡೆ ಮೇಲೆ ಬರೆಸಿದ, ಅಲ್ಲಿ ಮನ್ರೋ ಗುಡ್ಡದ ಮೇಲೆ ಕಟ್ಟಿಸಿದ. ಒಂದೇ ಯುದ್ಧಕಾಲ, ಇಬ್ಬರೂ ತಮ್ಮ ತಮ್ಮ ಗೆಲುವನ್ನಷ್ಟೇ ಆರಿಸಿಕೊಂಡರು.

ಇನ್ನೊಂದು ಸೇರಿಸಲಾ? ದರಿಯಾ ದೌಲತ್ ಚಿತ್ರ ಹಾಳಾದಾಗ ಮತ್ತೆ ಬರೆಸಿದವರು ಬ್ರಿಟಿಷರೇ. ಟಿಪ್ಪು ಸತ್ತ ಮೇಲೆ ಆ ಅರಮನೆಯಲ್ಲಿ ಇದ್ದ ಆರ್ಥರ್ ವೆಲ್ಲೆಸ್ಲಿ ಒಮ್ಮೆ, ಆಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ ಒಮ್ಮೆ. ಡಾಲ್‌ಹೌಸಿ ಸ್ಕಾಟ್ಲೆಂಡಿನವನೇ. ತಮ್ಮವರು ಸೋತ ಚಿತ್ರಕ್ಕೆ ತಾವೇ ಬಣ್ಣ ಹಚ್ಚಿಸಿದರು.

ಕರಾರುವಾಕ್ಕು:

ಕಡತ ಸಾರ್, ಮನ್ರೋ ಬಗ್ಗೆ ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತಿದೆ. ಅವನ ಹತ್ತಿರ ದವಸ ಇದ್ದದ್ದೇ ಕಂಚಿಯಲ್ಲಿ. ಅದನ್ನು ಬಿಟ್ಟು ಹೊರಟರೆ ಹೈದರನ ಕುದುರೆಗಳು ನುಗ್ಗಿ ಅದನ್ನೂ ಹೊತ್ತೊಯ್ಯುತ್ತಿದ್ದವು. ಆಗ ಅವನ ಸೈನ್ಯಕ್ಕೇ ಉಪವಾಸ. ಬೈಲಿ ಕೂಡ 9ನೇ ತಾರೀಖು ರಾತ್ರಿ ನಡೆಯುತ್ತಾ ಇದ್ದವನು ಯಾಕೋ ನಿಂತುಬಿಟ್ಟ. ನಿಲ್ಲದೆ ಹೋಗಿದ್ದರೆ ಕಂಚಿ ಸೇರುತ್ತಿದ್ದನೋ ಏನೋ. ಮದ್ರಾಸಿನ ಕೌನ್ಸಿಲ್ಲಿನವರು ಬಂಡಿ, ಎತ್ತು, ಅಕ್ಕಿ ಯಾವುದನ್ನೂ ಹೊತ್ತಿಗೆ ಸರಿಯಾಗಿ ಒದಗಿಸಲಿಲ್ಲ. ಎಲ್ಲ ತಪ್ಪನ್ನೂ ಒಬ್ಬನ ತಲೆಗೆ ಕಟ್ಟಬೇಡಿ.

ಹಳೇಕಡತ:

ಬೈಲಿ ನಿಂತದ್ದು ತಪ್ಪು, ಒಪ್ಪಿದೆ. ಕೌನ್ಸಿಲ್ಲಿನ ಕಥೆಯೂ ನಿಜ. ಆದರೆ ತೋಪಿನ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿ ಐದು ಸಾವಿರ ಜನ ಇಟ್ಟುಕೊಂಡು ಹೊತ್ತು ಕಳೆದದ್ದು ದಂಡನಾಯಕ. ಅವತ್ತು ಬೆಳಿಗ್ಗೆ ಹೊರಟಿದ್ದ ನಿಜ, ಆದರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಕಾಲದ ಬ್ರಿಟಿಷರೇ ಅವನನ್ನು ಬಿಡಲಿಲ್ಲ, ನಾವು ಯಾಕೆ ಬಿಡಬೇಕು?

ಉತ್ತರದಗಾಳಿ:

ಯಪ್ಪಾ, ನಾನು ಹಳ್ಳಿ ತೋರಿಸಲು ಹೊರಟರೆ ನೀವು ಕಂಚಿಗೆ ಕರೆದುಕೊಂಡು ಹೋದಿರಿ. ಆದರೆ ಒಳ್ಳೆಯದೇ ಆಯಿತು. ಇಲ್ಲಿಂದ ನಾನೂ ಒಂದು ಕೊಂಡಿ ಸೇರಿಸುತ್ತೇನೆ.

ಬೈಲಿ ಕೂಡ ಈ ಕಡೆಯವನೇ. ಇನ್ವರ್ನೆಸ್ ಪಕ್ಕದ ಡುನೇನ್ ಮನೆತನ. ಎವಂಟನ್‌ನಿಂದ ಅಲ್ಲಿಗೆ ಕಾರಿನಲ್ಲಿ ಮುಕ್ಕಾಲು ಗಂಟೆ ಆದರೆ ಹೆಚ್ಚು. ಅಂದರೆ ಕಂಚಿಯಲ್ಲಿ ಕೂತಿದ್ದವನೂ ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದವನೂ ಅಕ್ಕಪಕ್ಕದ ಸೀಮೆಯವರು. ಫ್ಲೆಚರ್ ಜೊತೆ ಹೋದವರಲ್ಲಿ 73ನೇ ಹೈಲ್ಯಾಂಡ್ ರೆಜಿಮೆಂಟಿನ ತುಕಡಿಯೂ ಇತ್ತು. ಆ ರೆಜಿಮೆಂಟನ್ನು 1777ರಲ್ಲಿ ಕಟ್ಟಿದವನು ಇದೇ ಕ್ರೋಮರ್ಟಿ ಸೀಮೆಯ ಲಾರ್ಡ್ ಮ್ಯಾಕ್ಲೌಡ್. ಜನ ಸೇರಿಸಿದ್ದು ಹೆಚ್ಚಾಗಿ ರಾಸ್ ಜಿಲ್ಲೆಯ ಹಳ್ಳಿಗಳಿಂದ. ಹಾಗಾಗಿ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಗೇಲಿಕ್, ಅಂದರೆ ಈ ಕಡೆಯ ಹಳೆಯ ಭಾಷೆ, ಮಾತಾಡುವ ಹುಡುಗರು ಇದ್ದಿರಲೇಬೇಕು.

ಅದೇ ತುಕಡಿಯ ಕ್ಯಾಪ್ಟನ್ ಡೇವಿಡ್ ಬೇರ್ಡ್. ನಿಮಗೆಲ್ಲ ಗೊತ್ತು, 1784ರವರೆಗೆ ಅಲ್ಲಿ ಸೆರೆಯಲ್ಲಿದ್ದು, 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ದಂಡಿನ ಮುಂದಾಳಾದ. ಕೈದಿಗಳನ್ನು ಜೋಡಿ ಜೋಡಿಯಾಗಿ ಸರಪಳಿ ಹಾಕಿದ್ದಾರೆ ಅಂತ ಸುದ್ದಿ ಬಂದಾಗ ಅವನ ತಾಯಿ, ‘ನಮ್ಮ ಡೇವಿಗೆ ಜೋಡಿಯಾದವನ ಗತಿ ಏನೋ ಪಾಪ’ ಅಂದಳಂತೆ. ಈ ಮಾತು ಸ್ಕಾಟ್ಲೆಂಡಿನಲ್ಲಿ ಈಗಲೂ ಓಡಾಡುತ್ತದೆ.

ಸೀಮೆಅಕ್ಕ:

ನಾನು ಅಬರ್ಡೀನ್‌ನಲ್ಲಿ ಇರುವುದು. ತಡವಾಗಿ ಬಂದೆ, ಕ್ಷಮಿಸಿ. ಗಾಳಿಯವರೇ, ಆ ಕಲ್ಲು ಉರುಳಿಸಿದ ಕಥೆಯನ್ನು ಅಷ್ಟು ಸಲೀಸಾಗಿ ನುಂಗಬೇಡಿ. ಬಡವರಿಗೆ ಕೂಲಿ ಕೊಡಲು ಗುಡ್ಡದ ಮೇಲೆ ಬಾಗಿಲೇ ಕಟ್ಟಿಸಬೇಕಿತ್ತಾ? ರಸ್ತೆ ಹಾಕಿಸಬಹುದಿತ್ತು, ಕಾಲುವೆ ತೋಡಿಸಬಹುದಿತ್ತು. ಸ್ಕಾಟ್ಲೆಂಡ್, ಐರ್ಲೆಂಡ್ ತುಂಬ ಇಂಥ ಗೋಪುರಗಳಿವೆ. ಪ್ರತಿಯೊಂದಕ್ಕೂ ‘ದೊರೆ ಬಡವರಿಗೆ ಕೆಲಸ ಕೊಟ್ಟ’ ಅನ್ನುವ ಇದೇ ಕಥೆ.

ಅದೂ ಇರಲಿ. ಅದೇ ಮನ್ರೋ ಹತ್ತು ವರ್ಷದ ಮೇಲೆ ಏನು ಮಾಡಿದ ನೋಡಿ. ಎವಂಟನ್‌ನ ಉತ್ತರಕ್ಕೆ ಬೆಟ್ಟದೊಳಗೆ ಕಿಲ್ಡರ್ಮೋರಿ ಅಂತ ಅವನ ಜಮೀನು. ಅದನ್ನು ಲಾಕಾಬರ್ ಕಡೆಯಿಂದ ಬಂದ ಕ್ಯಾಮರೂನ್ ಅಣ್ಣತಮ್ಮಂದಿರಿಗೆ ಕುರಿ ಸಾಕಲು ಗುತ್ತಿಗೆ ಕೊಟ್ಟ. ಕುರಿ ಅಂದರೆ ಜಾಸ್ತಿ ಬಾಡಿಗೆ. ಪಕ್ಕದ ಕಣಿವೆಯ ಒಕ್ಕಲುಗಳ ದನ ಹಿಂದಿನಿಂದಲೂ ಮೇಯುತ್ತಿದ್ದ ಬೆಟ್ಟ ಅದು. ದನ ಕಾಲಿಟ್ಟವು, ಕ್ಯಾಮರೂನರು ಹಿಡಿದು ದೊಡ್ಡಿಗೆ ಹಾಕಿದರು. ದಂಡ ಕಟ್ಟಿ ಬಿಡಿಸಿಕೊಳ್ಳಿ ಅಂದರು. ಒಂದು ದಿನ ಒಕ್ಕಲುಗಳು ಗುಂಪು ಕಟ್ಟಿಕೊಂಡು ಹೋಗಿ, ಬಂದೂಕು ಹಿಡಿದು ನಿಂತ ಕ್ಯಾಮರೂನ್ ಕೈಯಿಂದ ಅದನ್ನು ಕಿತ್ತುಕೊಂಡು, ದನ ಬಿಡಿಸಿಕೊಂಡು ಬಂದರು.

ಅಲ್ಲಿಗೆ ನಿಲ್ಲಲಿಲ್ಲ. ಆ ಬೇಸಿಗೆ ಒಂದು ಮದುವೆ ಮನೆಯಲ್ಲಿ ಸೇರಿದ ಜನ, ಈ ಜಿಲ್ಲೆಯಲ್ಲಿರುವ ದೊಡ್ಡ ಕುರಿಗಳನ್ನೆಲ್ಲ ಹೊರಕ್ಕೆ ಅಟ್ಟಿಬಿಡೋಣ ಅಂತ ತೀರ್ಮಾನ ಮಾಡಿದರು. 1792ರ ಜುಲೈ ಕೊನೆಗೆ ಸದರ್ಲೆಂಡಿನಿಂದ ಶುರು ಮಾಡಿ ಸುಮಾರು ಆರು ಸಾವಿರ ಕುರಿಗಳನ್ನು ಅಟ್ಟಿಕೊಂಡು ದಕ್ಷಿಣಕ್ಕೆ ಬಂದರು. ಒಂದು ಕುರಿಯನ್ನೂ ಕದಿಯಲಿಲ್ಲ, ಯಾರ ಮೈಯನ್ನೂ ಮುಟ್ಟಲಿಲ್ಲ. ಬೋತ್ ಅನ್ನುವ ಜಾಗದವರೆಗೆ ಬಂದಿತ್ತು ಮಂದೆ. ಇದು ಫೈರಿಶ್ ಗುಡ್ಡದ ಬೆನ್ನಿಗೇ ಇದೆ. ಗುಡ್ಡ ಹತ್ತುವವರು ಕಾರು ನಿಲ್ಲಿಸುವುದೂ ಬೋತ್‌ಗೆ ಹೋಗುವ ರಸ್ತೆಯಲ್ಲೇ. ಅಷ್ಟರಲ್ಲಿ ಫೋರ್ಟ್ ಜಾರ್ಜ್‌ನಿಂದ ಸೈನಿಕರು ಬಂದರು. ಜನ ಚದುರಿ ಓಡಿದರು, ಕೆಲವರು ಸಿಕ್ಕಿಬಿದ್ದರು. ಇನ್ವರ್ನೆಸ್‌ನಲ್ಲಿ ವಿಚಾರಣೆ ನಡೆದು ಇಬ್ಬರಿಗೆ ಏಳು ವರ್ಷ ದೇಶಾಂತರ. ಅವರಿಬ್ಬರೂ ಜೈಲಿನಿಂದ ಮಾಯ ಆದರು. ಯಾರೋ ಒಳಗಿನವರೇ ಬಾಗಿಲು ತೆಗೆದಿರಬೇಕು. ಹುಡುಕುವ ಗೋಜಿಗೂ ಯಾರೂ ಹೋಗಲಿಲ್ಲ.

ಗೇಲಿಕ್‌ನಲ್ಲಿ ಆ ವರ್ಷಕ್ಕೆ ‘ಕುರಿಗಳ ವರ್ಷ’ ಅಂತಲೇ ಹೆಸರು. ಹೈಲ್ಯಾಂಡಿನ ಒಕ್ಕಲೆಬ್ಬಿಸುವಿಕೆಯ ಬಗ್ಗೆ ಮಾತಾಡುವಾಗ ಎಲ್ಲರೂ ಸದರ್ಲೆಂಡ್ ಡ್ಯೂಕನನ್ನು ಬೈಯುತ್ತಾರೆ. ಅದು ಅದಾಗಿ ಇಪ್ಪತ್ತು ವರ್ಷದ ಮೇಲಿನ ಮಾತು. ಮೊದಲ ಕಿಡಿ ಹತ್ತಿದ್ದು ನಮ್ಮ ಈ ‘ದಯಾಳು’ ಮನ್ರೋನ ಬೆಟ್ಟದಲ್ಲಿ.

ಕರಾರುವಾಕ್ಕು:

ಮೇಡಂ, ಇದು ನನಗೆ ಹೊಸದು. ಆದರೂ ಒಂದು ಮಾತು. 1782ರ ಆಸುಪಾಸಿನಲ್ಲಿ ಹೈಲ್ಯಾಂಡಿನಲ್ಲಿ ಬೆಳೆ ಕೆಟ್ಟು ನಿಜಕ್ಕೂ ಬರ ಬಂದಿತ್ತು. ಜನ ಕಲ್ಲು ಹೊತ್ತು ಕೂಲಿ ತೆಗೆದುಕೊಂಡಿದ್ದರೆ ಆ ಕೂಲಿ ಅವರ ಮಕ್ಕಳ ಹೊಟ್ಟೆಗೆ ಹೋಗಿದೆ. ಕೊಟ್ಟವನ ಮನಸ್ಸಿನಲ್ಲಿ ಏನಿತ್ತು ಅಂತ ನಾವು ಹೇಗೆ ಹೇಳುವುದು?

ಸೀಮೆಅಕ್ಕ:

ಹೊಟ್ಟೆಗೆ ಹೋಗಿದ್ದರೆ ಸಂತೋಷ. ಆದರೆ ಆ ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಕಡತ ಸಾರ್ ಆಗಲೇ ಬರೆದಿದ್ದಾರೆ. ಕಂಚಿ ಸುತ್ತಲಿನ ರೈತ ಆ ವರ್ಷಗಳಲ್ಲಿ ಏನು ತಿಂದ ಅಂತಲೂ ಕೇಳಿ. ಹೈದರನ ದಂಡು ಒಂದು ಕಡೆಯಿಂದ ಸುಟ್ಟಿತು, ಕಂಪನಿ ಇನ್ನೊಂದು ಕಡೆಯಿಂದ ದೋಚಿತು.

ಪುಟ್ಟನ_ಅಪ್ಪ:

ಇತಿಹಾಸ ಓದಿ ತಲೆ ಬಿಸಿಯಾಯಿತು 😀 ನಾವು ಜುಲೈನಲ್ಲಿ ಲಂಡನ್‌ನಿಂದ ಮೇಲೆ ಬರುತ್ತಿದ್ದೇವೆ. ಏಳು ವರ್ಷದ ಮಗ, ಜೊತೆಗೆ ಊರಿಂದ ಬರುವ ಅಪ್ಪ ಅಮ್ಮ. ಗುಡ್ಡ ಹತ್ತಬಹುದಾ? ಇನ್ನೇನು ನೋಡಬಹುದು?

ಉತ್ತರದಗಾಳಿ:

ಮಗ ಕುಣಿಯುತ್ತಾ ಹತ್ತುತ್ತಾನೆ. ಹೋಗಿ ಬರುವುದು ಸೇರಿ ಸುಮಾರು ಆರು ಕಿಲೋಮೀಟರ್. ಶುರುವಿನಲ್ಲಿ ಪೈನ್ ಕಾಡಿನೊಳಗೆ ನೇರ ಏರು, ಅಲ್ಲೇ ಉಸಿರು ಸಿಕ್ಕಿಕೊಳ್ಳುವುದು. ಆಮೇಲೆ ಹೆದರ್ ಪೊದೆಗಳ ಬಯಲು, ಸಲೀಸು. ಅಪ್ಪ ಅಮ್ಮನಿಗೆ ಮಂಡಿನೋವು ಇದ್ದರೆ ಬೇಡ. ಮಳೆ ಬಂದ ಮೇಲೆ ದಾರಿ ಕೆಸರು, ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಜುಲೈನಲ್ಲಿ ಗಾಳಿ ಇಲ್ಲದ ಸಂಜೆ ನೊರಜು ಮುಖಕ್ಕೆ ಮುತ್ತುತ್ತವೆ, ಕಚ್ಚಿದರೆ ಎರಡು ದಿನ ತುರಿಕೆ. ಮೇಲೆ ಗಾಳಿ ಇರುತ್ತದೆ, ಅಲ್ಲಿ ಕಾಟ ಇಲ್ಲ.

ಮೇಲಿಂದ ಏನು ಕಾಣುತ್ತದೆ ಅಂದರೆ, ಕೆಳಗೆ ಫರ್ತಿನ ನೀರಿನಲ್ಲಿ ಕೆಲಸ ಇಲ್ಲದೆ ನಿಂತ ತೈಲದ ರಿಗ್‌ಗಳು. ನಾರ್ತ್ ಸೀಯಿಂದ ಎಳೆದು ತಂದು ಇಲ್ಲಿ ನಿಲ್ಲಿಸುತ್ತಾರೆ. ಆಚೆ ದಡ ಬ್ಲಾಕ್ ಐಲ್. ಬೆನ್ನ ಹಿಂದೆ ಬೆನ್ ವಿವಿಸ್, 1046 ಮೀಟರ್. ಕಮಾನಿನ ಹತ್ತಿರ ಹೋಗಿ ಕಲ್ಲು ಮುಟ್ಟಿ ನೋಡಿ. ನಯ ಇಲ್ಲ, ಕೆತ್ತನೆ ಇಲ್ಲ. ಗುಡ್ಡದ ಒರಟು ಕಲ್ಲನ್ನೇ ಒಂದರ ಮೇಲೊಂದು ಕೂರಿಸಿದ್ದಾರೆ. ದೂರದಿಂದ ಕಂಡಷ್ಟು ಠೀವಿ ಹತ್ತಿರ ಹೋದರೆ ಇಲ್ಲ.

ಎರಡನೆಯದು ಕಪ್ಪು ಬಂಡೆಯ ಕಂದರ. ಊರಿನಿಂದ ನಡೆದೇ ಹೋಗಬಹುದು. ಆಲ್ಟ್ ಗ್ರಾಡ್ ಹೊಳೆ ಬಂಡೆಯನ್ನು ಕೊಡಲಿಯಲ್ಲಿ ಸೀಳಿದ ಹಾಗೆ ಸೀಳಿಕೊಂಡು ಹೋಗಿದೆ. ಒಂದೂವರೆ ಕಿಲೋಮೀಟರಿನಷ್ಟು ಉದ್ದ. ಕೆಲವು ಕಡೆ 35 ಮೀಟರಿಗೂ ಹೆಚ್ಚು ಆಳ, ಅಗಲ ಮಾತ್ರ ಮೂರು ನಾಲ್ಕು ಮೀಟರ್. ಕಾಲುಸೇತುವೆ ಮೇಲೆ ನಿಂತು ಬಗ್ಗಿದರೆ ನೀರಿನ ಸದ್ದು ಕೇಳುತ್ತದೆ, ನೀರು ಸರಿಯಾಗಿ ಕಾಣುವುದಿಲ್ಲ. ಎರಡೂ ಗೋಡೆಗೆ ಪಾಚಿ, ಜರೀಗಿಡ, ಮೇಲಿಂದ ತೊಟ್ಟಿಕ್ಕುವ ನೀರು. ಮಾಂತ್ರಿಕ ಹುಡುಗರ ಒಂದು ದೊಡ್ಡ ಸಿನಿಮಾದ ದೃಶ್ಯ ಇಲ್ಲಿ ತೆಗೆದಿದ್ದಾರೆ. ಅಂಚಿಗೆ ಬೇಲಿ ಇಲ್ಲದ ಜಾಗ ಬಹಳ. ಮಗನ ಕೈ ಬಿಡಲೇಬೇಡಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಅಪ್ಪ ಅಮ್ಮನಿಗೆ ಊರ ಪಕ್ಕದ ಕಾಡು ಸಾಕು. ಸುಮಾರು 65 ಹೆಕ್ಟೇರ್ ಇದೆ. 2012ರಲ್ಲಿ ಊರಿನವರೇ ಸೇರಿ ಕೊಂಡುಕೊಂಡರು. ಈಗ ಅದು ಊರಿನ ಆಸ್ತಿ. ದಾರಿ ಸಮತಟ್ಟು.

ಸೀಮೆಅಕ್ಕ:

ಕಂದರಕ್ಕೆ ಹೋಗುವವರು ಬಾಲ್ಕೋನಿ ಅಮ್ಮನ ಕಥೆ ಕೇಳಿಕೊಂಡು ಹೋಗಿ. ಪಕ್ಕದ ಕ್ರೋಮರ್ಟಿ ಊರಿನ ಹ್ಯೂ ಮಿಲ್ಲರ್ ಇದನ್ನು ಬರೆದಿಟ್ಟಿದ್ದಾನೆ. ಅವನು ಕಲ್ಲುಕುಟಿಗನಾಗಿದ್ದು ಭೂವಿಜ್ಞಾನಿಯಾದವನು, ಬಲು ದೊಡ್ಡ ಹೆಸರು.

ಬಾಲ್ಕೋನಿ ಮನೆಯೊಡತಿ ಮಾತು ಕಡಿಮೆ, ಒಂಟಿಯಾಗಿ ಹೊಳೆ ಕಡೆ ತಿರುಗುವವಳು. ಒಂದು ಸಂಜೆ ಕೆಲಸದ ಹುಡುಗಿಯ ಜೊತೆ ಕಂದರದ ಅಂಚಿಗೆ ಹೋದಳು. ಅಲ್ಲೊಬ್ಬ ಅಪರಿಚಿತ ಗಂಡಸು ಬಂದು ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಹೋಗುವ ಮುಂಚೆ ಸೊಂಟದ ಬೀಗದ ಕೈ ಗೊಂಚಲನ್ನು ಬಿಚ್ಚಿ ಹುಡುಗಿ ಕಡೆ ಎಸೆದಳು. ಅದು ಬಂಡೆಗೆ ಬಡಿದು ಅಚ್ಚು ಮೂಡಿತು. ಇಬ್ಬರೂ ಕಂದರದೊಳಗೆ ಇಳಿದುಹೋದರು. ಬಹಳ ವರ್ಷದ ಮೇಲೆ ಮೀನಿನ ಬುಟ್ಟಿ ಹುಡುಕಿಕೊಂಡು ಕೆಳಗಿಳಿದ ಒಬ್ಬನಿಗೆ ಗುಹೆಯಲ್ಲಿ ಅವಳು ಕಂಡಳಂತೆ. ರೊಟ್ಟಿ ಹಿಟ್ಟು ನಾದುತ್ತಾ ಕೂತಿದ್ದಳು, ಎರಡು ದೊಡ್ಡ ನಾಯಿ ಕಾವಲು. ನಾಯಿಗಳಿಗೆ ಹಿಟ್ಟು ಎಸೆದು ಅವನನ್ನು ಬಿಟ್ಟು ಕಳಿಸಿದಳು.

ನನಗೆ ಇದರಲ್ಲಿ ಇಷ್ಟವಾಗುವುದು ಆ ಬೀಗದ ಕೈ. ಓಡಿಹೋಗುವಾಗಲೂ ಮನೆಯ ಜವಾಬ್ದಾರಿ ಒಪ್ಪಿಸಿಯೇ ಹೋದಳು ನೋಡಿ.

ಗಂಜಾಂ_ಹುಡುಗ:

ಚೆನ್ನಾಗಿದೆ ಅಕ್ಕ. ಗಾಳಿ ಸಾರ್, ಚರ್ಚು, ಕೋಟೆ ಅಂತ ಏನೋ ಬಾಕಿ ಇಟ್ಟಿದ್ದಿರಿ?

ಉತ್ತರದಗಾಳಿ:

ಹೌದು, ಮರೆತೇ ಹೋಗಿತ್ತು. ಕಿಲ್ಟರ್ನ್ ಚರ್ಚು ಫರ್ತಿನ ದಡದಲ್ಲೇ ಇದೆ. ಈಗ ಚಾವಣಿ ಇಲ್ಲ, ಗೋಡೆ ಮಾತ್ರ. ಸುತ್ತ ಸಮಾಧಿಗಳು. ಇಲ್ಲಿ 1600ರ ದಶಕಗಳಲ್ಲಿ ಥಾಮಸ್ ಹಾಗ್ ಅನ್ನುವ ಪಾದ್ರಿ ಇದ್ದ. ರಾಜ ಹೇಳಿದ ಹಾಗೆ ಪೂಜೆ ಮಾಡುವುದಿಲ್ಲ ಅಂತ ಹಟ ಹಿಡಿದು 1662ರಲ್ಲಿ ಕೆಲಸ ಕಳೆದುಕೊಂಡ. ಬಾಸ್ ರಾಕ್ ಎಂಬ ಕಡಲ ನಡುವಿನ ಬಂಡೆಯ ಸೆರೆಮನೆಯಲ್ಲಿ ಕೊಳೆತ. ಕಾಲ ಬದಲಾದ ಮೇಲೆ 1691ರಲ್ಲಿ ವಾಪಸ್ ಬಂದ, ಮರುವರ್ಷವೇ ತೀರಿಹೋದ. ಸಾಯುವ ಮುಂಚೆ ತನ್ನನ್ನು ಚರ್ಚಿನ ಹೊಸ್ತಿಲಲ್ಲೇ ಹೂಳಬೇಕು ಅಂದ. ಕಲ್ಲಿನ ಮೇಲೆ ಏನು ಬರೆಸಿದ ಗೊತ್ತಾ? ಭಕ್ತಿ ಇಲ್ಲದ ಪಾದ್ರಿಯನ್ನು ಕಿಲ್ಟರ್ನ್ ಜನ ಒಳಗೆ ಕರೆತಂದರೆ ಈ ಕಲ್ಲೇ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ ಅಂತ. ಬಂದವನು ಅವನ ಮೇಲೆ ಕಾಲಿಟ್ಟೇ ಒಳಗೆ ಹೋಗಬೇಕು. ಈ ಊರಿನಲ್ಲಿ ನನಗೆ ಅತಿ ಇಷ್ಟದ ಕಲ್ಲು ಇದು, ಗುಡ್ಡದ ಬಾಗಿಲಲ್ಲ.

ಫೌಲ್ಸ್ ಕೋಟೆ ಮನ್ರೋ ಕುಲದ ಮೂಲಮನೆ. ಈಗಿರುವುದು 1750ರ ಹೊತ್ತಿಗೆ ಮತ್ತೆ ಕಟ್ಟಿದ್ದು, ಮನೆತನ ಈಗಲೂ ಅಲ್ಲೇ ಇದೆ. ರಾಜ ಕೇಳಿದರೆ ನಡುಬೇಸಿಗೆಯಲ್ಲೂ ಒಂದು ಹಿಮದ ಉಂಡೆ ಕೊಡಬೇಕು ಅನ್ನುವ ಕರಾರಿನ ಮೇಲೆ ಅವರಿಗೆ ಈ ಜಮೀನು ಸಿಕ್ಕಿತು ಅಂತ ಪ್ರತೀತಿ. ಬೆನ್ ವಿವಿಸ್‌ನ ನೆರಳಿನ ಕಮರಿಗಳಲ್ಲಿ ಹಿಮ ಬಹಳ ದಿನ ಉಳಿಯುತ್ತದೆ, ಹಾಗಾಗಿ ಕಷ್ಟ ಇರಲಿಲ್ಲ.

ಹಳೇಕಡತ:

ಫೌಲ್ಸ್ ಅಂದರೆ ಕ್ಯಾಥರಿನ್ ರಾಸ್ ಬಿಡಬೇಡಿ. ಫೌಲ್ಸ್ ಒಡೆಯನ ಎರಡನೇ ಹೆಂಡತಿ. ಮಲಮಗನನ್ನು, ತನ್ನ ಅಣ್ಣನ ಹೆಂಡತಿಯನ್ನು ಕೊಲ್ಲಿಸಲು ಮಾಟ ಮಾಡಿಸಿದಳು, ವಿಷ ಹಾಕಿಸಿದಳು ಅಂತ ಆರೋಪ. ಜೇಡಿಮಣ್ಣಿನ ಬೊಂಬೆ ಮಾಡಿ ಅದಕ್ಕೆ ಶಿಲಾಯುಗದ ಕಲ್ಲಿನ ಬಾಣದ ಮೊನೆಗಳನ್ನು ಎಸೆದರಂತೆ. ಅವನ್ನು ಆಗ ಯಕ್ಷರ ಬಾಣ ಅನ್ನುತ್ತಿದ್ದರು. ಅವಳಿಗೆ ನೆರವಾದ ಬಡವರನ್ನು 1577ರಲ್ಲೇ ಸುಟ್ಟರು. ಅವಳ ವಿಚಾರಣೆ ನಡೆದದ್ದು 1590ರಲ್ಲಿ, ಎಡಿನ್‌ಬರದಲ್ಲಿ. ತೀರ್ಪುಗಾರರಲ್ಲಿ ಫೌಲ್ಸ್ ಒಕ್ಕಲುಗಳೇ ಇದ್ದರು. ಬಿಡುಗಡೆ ಆಯಿತು ಅಂತ ಬೇರೆ ಹೇಳಬೇಕೇ?

ಬಳ್ಳಾರಿ_ಬಿಸಿಲು:

ಎಲ್ಲೋದರೂ ಅದೇ ಕಥೆ ಬಿಡಿ. ಒಂದು ಪ್ರಶ್ನೆ. ಲಂಡನ್ ಮ್ಯೂಸಿಯಂನಲ್ಲಿರುವ ಟಿಪ್ಪುವಿನ ಹುಲಿ ಬೊಂಬೆ, ಬಿಳಿಯನ ಮೇಲೆ ಹುಲಿ ಕೂತಿರುವುದು, ಅದು ಇದೇ ಮನ್ರೋನ ಮಗ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜಾನಾ?

ಹಳೇಕಡತ:

ಅರ್ಧ ನಿಜ. 1792ರ ಡಿಸೆಂಬರ್‌ನಲ್ಲಿ, ಅಂದರೆ ಅಕ್ಕ ಹೇಳಿದ ಕುರಿಗಳ ವರ್ಷದ ಕೊನೆಗೆ, ಕಲ್ಕತ್ತಾ ಕೆಳಗಿನ ಸಾಗರ ದ್ವೀಪದಲ್ಲಿ ಊಟಕ್ಕೆ ಕೂತಿದ್ದ ಮನ್ರೋನ ಮಗನನ್ನು ಹುಲಿ ಎಳೆದೊಯ್ದಿತು. ಜೊತೆಗಿದ್ದವರು ಗುಂಡು ಹಾರಿಸಿ ಬಿಡಿಸಿಕೊಂಡರೂ ಹುಡುಗ ಉಳಿಯಲಿಲ್ಲ. ಇಂಗ್ಲೆಂಡಿನಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಸ್ಟಾಫರ್ಡ್‌ಶೈರಿನ ಕುಂಬಾರರು ಹುಲಿ ಬಾಯಲ್ಲಿ ಮನ್ರೋ ಅಂತ ಪಿಂಗಾಣಿ ಬೊಂಬೆ ಮಾಡಿ ಮಾರಿದರು. ಮನೆಯ ಒಲೆಗೂಡಿನ ಮೇಲೆ ಇಡುವುದಕ್ಕೆ!

ಟಿಪ್ಪುವಿನ ಹುಲಿ 1799ರಲ್ಲಿ ಶ್ರೀರಂಗಪಟ್ಟಣದ ಅರಮನೆಯಲ್ಲಿ ಸಿಕ್ಕಿದ್ದು. ಒಳಗೆ ಆರ್ಗನ್ ವಾದ್ಯದ ತರಹದ ಕೊಳವೆಗಳಿವೆ, ಹಿಡಿ ತಿರುಗಿಸಿದರೆ ಹುಲಿ ಗುರುಗುಡುತ್ತದೆ, ಬಿಳಿಯ ನರಳುತ್ತಾ ಕೈ ಎತ್ತುತ್ತಾನೆ. ಅದನ್ನು ಈ ಘಟನೆ ನೋಡಿಯೇ ಮಾಡಿಸಿದ ಅನ್ನುವುದು ಊಹೆ. ಟಿಪ್ಪುವಿನ ಸಿಂಹಾಸನ, ಕತ್ತಿ, ತೋಪು, ಸಿಪಾಯಿಗಳ ಬಟ್ಟೆ ಎಲ್ಲದರ ಮೇಲೂ ಹುಲಿಯೇ. ಬೊಂಬೆ ಮಾಡಿಸಲು ಅವನಿಗೆ ಮನ್ರೋ ಮಗ ಸಾಯಬೇಕಾಗಿರಲಿಲ್ಲ. ಆದರೆ ಸುದ್ದಿ ಕಿವಿಗೆ ಬಿದ್ದಿದ್ದರೆ ಖುಷಿಪಟ್ಟಿರುತ್ತಾನೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಪೊಳ್ಳಿಲೂರು ಅವನ ಮೊದಲ ದೊಡ್ಡ ಗೆಲುವುಗಳಲ್ಲಿ ಒಂದು.

ಪುಟ್ಟನ_ಅಪ್ಪ:

ಮಗನಿಗೆ ಹುಲಿ ಕಥೆ ಹೇಳಿದೆ. ಈಗ ಗುಡ್ಡಕ್ಕೆ ಹೋಗಲೇಬೇಕಂತೆ. ಅಲ್ಲಿ ಹುಲಿ ಇಲ್ಲ ಅಂದರೂ ಕೇಳುತ್ತಿಲ್ಲ.

ಉತ್ತರದಗಾಳಿ:

😀 ಕರೆದುಕೊಂಡು ಬನ್ನಿ. @ಗಂಜಾಂ_ಹುಡುಗ, ಡಿಸೆಂಬರ್‌ನಲ್ಲಿ ಊರಿಗೆ ಬರುತ್ತೇನೆ. ಡುನೇನ್ ಬೈಲಿಯ ಸ್ಮಾರಕ ನಿಮ್ಮ ಕಡೆ ಇದೆಯಲ್ಲ, ಎಲ್ಲಿ ಅಂತ ಹೇಳುತ್ತೀರಾ?

ಗಂಜಾಂ_ಹುಡುಗ:

ಗುಂಬಜ್ ಹತ್ತಿರವೇ ಸಾರ್, ಲಾಲ್‌ಬಾಗ್ ಅನ್ನುತ್ತಾರೆ. ಬೈಲಿ 1782ರಲ್ಲಿ ಸೆರೆಯಲ್ಲೇ ಸತ್ತ, ಸ್ಮಾರಕ ಕಟ್ಟಿಸಿದ್ದು ಅವನ ಸಂಬಂಧಿಯೊಬ್ಬ, 1816ರಲ್ಲಿ. ಗುಂಬಜ್ ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ, ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕೋಟೆ ಒಳಗೆ ಹೊಳೆ ಪಕ್ಕ ಬೈಲಿ ಬಂದೀಖಾನೆ ಅಂತಲೂ ಇದೆ, ಅದನ್ನೂ ತೋರಿಸುತ್ತೇನೆ. ಬರುವ ಮುಂಚೆ ಇಲ್ಲಿ ಒಂದು ಮೆಸೇಜ್ ಹಾಕಿ. ಭಾನುವಾರ ಮಾತ್ರ ಬೇಡ, ಜನಸಂದಣಿ ಜಾಸ್ತಿ, ದರಿಯಾ ದೌಲತ್ ಗೋಡೆ ಹತ್ತಿರ ನಿಂತು ನೋಡಲು ಆಗುವುದಿಲ್ಲ.